ಗೋಡೌನ್ ಹತ್ತಿ ಇಳಿದು: ಇಂಗ್ಲಿಷ್ ಪದವೊಂದರ ಮೂಲ ಹುಡುಕುವ ಸಮಗ್ರ ಮಾರ್ಗದರ್ಶಿ

ಮುಂಬಯಿಯ ಮಸ್ಜಿದ್ ಬಂದರಿನ ಮಸಾಲೆ ಓಣಿಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವನು ನಾನು. ಅರಿಸಿನ, ಒಣಮೆಣಸಿನ ಮೂಟೆಗಳ ನಡುವೆ ಕೂತು ದಿನಕ್ಕೆ ಐವತ್ತು ಸಲವಾದರೂ ‘ಗೋಡೌನ್’ ಎಂದು ಬರೆಯುತ್ತಿದ್ದೆ. ಸೇರಿದ ಮೊದಲ ವಾರವೇ ಅಲ್ಲಿನ ಮುಕಾದಮ್, ಅಂದರೆ ಹಮಾಲರ ಮೇಸ್ತ್ರಿ, ಆ ಪದದ ಗುಟ್ಟು ಬಿಡಿಸಿ ಹೇಳಿದ್ದರು. ಬಿಳಿ ಸಾಹೇಬರ ಕಾಲದಲ್ಲಿ ಮಾಲನ್ನು ನೆಲಮಾಳಿಗೆಯಲ್ಲಿ ಇಡುತ್ತಿದ್ದರಂತೆ, ಹಮಾಲರಿಗೆ ‘ಗೋ ಡೌನ್, ಗೋ ಡೌನ್’ ಎಂದು ಕೂಗುತ್ತಿದ್ದರಂತೆ, ಅದೇ ಗೋಡೌನ್ ಆಯಿತಂತೆ. ನಾನು ನಂಬಿದೆ. ಊರಿಗೆ ಹೋದಾಗ ನಾಲ್ಕು ಜನಕ್ಕೆ ಹೇಳಿಯೂ ಬಂದೆ. ನಮ್ಮ ಗೋಡೌನ್ ಇದ್ದದ್ದು ಎರಡನೇ ಮಹಡಿಯಲ್ಲಿ, ಅಲ್ಲಿಗೆ ಮೂಟೆ ಹೊತ್ತು ಏರಬೇಕೇ ಹೊರತು ಇಳಿಯಬೇಕಾಗಿಲ್ಲ ಎಂಬುದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಲೆಗೆ ಹೊಳೆಯಲಿಲ್ಲ.

ಈಗ ಮಾಟುಂಗದಲ್ಲಿ ಓದುತ್ತಿರುವ ಅಕ್ಕನ ಮಗಳು ವಾರಕ್ಕೊಂದು ವಾಟ್ಸಾಪ್ ಸಂದೇಶ ಕಳಿಸುತ್ತಾಳೆ. “ಮಾಮ, ನ್ಯಾವಿಗೇಷನ್ ಅನ್ನೋದು ಸಂಸ್ಕೃತದ ನವಗತಿಯಿಂದ ಬಂದದ್ದಂತೆ, ಹೌದಾ?” ಅವಳಿಗೆ ಉತ್ತರ ಕೊಡುತ್ತಾ ಕೊಡುತ್ತಾ ನನಗೇ ಒಂದು ಪದ್ಧತಿ ಕೂಡಿಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಿವಿಗೆ ಒಂದೇ ಥರ ಕೇಳಿಸಿತು ಎಂಬುದು ಸಾಕ್ಷಿಯಲ್ಲ. ಯಾರು ಹೊತ್ತು ತಂದರು, ಯಾವಾಗ, ಯಾವ ಬಂದರಿನಿಂದ ಎಂದು ಹೇಳಲು ಬಂದರೆ ಮಾತ್ರ ಆ ಪದದ ಮೂಲ ಸಿಕ್ಕಿತು ಎನ್ನಬಹುದು. ಲೆಕ್ಕದವನ ಬುದ್ಧಿ ಇದು: ಬಿಲ್ಲಿಲ್ಲದ ಮಾಲು ಪುಸ್ತಕಕ್ಕೆ ಹತ್ತುವುದಿಲ್ಲ.

ಮೊದಲು, ಯಾವ ಪದ?

ಶುರುವಿಗೆ ಸರಕಿನ ಪದವನ್ನೇ ಆರಿಸಿ. ಹಣ್ಣು, ಮರ, ಬಟ್ಟೆ, ಸಂಬಾರ, ಹಡಗಿನ ಸಾಮಾನು ಇಂಥವು. ಸರಕು ಹೋದಲ್ಲೆಲ್ಲ ಸುಂಕದ ಕಾಗದ, ವ್ಯಾಪಾರಿಗಳ ಪತ್ರ, ಪ್ರವಾಸಿಗಳ ದಿನಚರಿ ಬಿದ್ದಿರುತ್ತವೆ. ಸೌಂದರ್ಯ, ನ್ಯಾಯ, ಸರಕಾರದಂಥ ಭಾವದ ಪದಗಳ ಇಂಗ್ಲಿಷ್ ರೂಪಗಳಲ್ಲಿ ಬಹುತೇಕ ಫ್ರೆಂಚ್ ಮೂಲಕ ಲ್ಯಾಟಿನ್‌ಗೆ ಹೋಗಿ ನಿಲ್ಲುತ್ತವೆ, ಅಲ್ಲಿ ನಮಗೆ ಕೆಲಸ ಕಡಿಮೆ. ತೀರಾ ಚಿಕ್ಕ ಮನೆಮಾತಿನ ಪದಗಳೂ ಬೇಡ. ‘ಡಾಗ್’ ಎಂಬ ಪದದ ಹುಟ್ಟು ಇವತ್ತಿಗೂ ಯಾವ ವಿದ್ವಾಂಸರ ಕೈಗೂ ಸಿಕ್ಕಿಲ್ಲ.

ಒಂದು ಪೋಸ್ಟ್ ಕಾರ್ಡ್ ಅಳತೆಯ ರಟ್ಟಿನ ಚೀಟಿ ತೆಗೆದುಕೊಳ್ಳಿ. ಮೇಲೆ ಪದ, ಅದರ ಕೆಳಗೆ ಇವತ್ತಿನ ಅರ್ಥ. ಮೂರನೇ ಸಾಲಿನಲ್ಲಿ, ಪೆನ್ಸಿಲ್‌ನಲ್ಲಿ, ಅದರ ಬಗ್ಗೆ ನೀವು ಕೇಳಿರುವ ಕಥೆ. ಪೆನ್ಸಿಲ್ ಯಾಕೆಂದರೆ ಅಳಿಸಬೇಕಾಗಿ ಬರುವುದೇ ಹೆಚ್ಚು. ಚೀಟಿ ಎಂದು ನಗಬೇಡಿ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಕಟ್ಟಿದ್ದು ಇಂಥ ಲಕ್ಷಾಂತರ ಚೀಟಿಗಳಿಂದಲೇ. ಅದರ ಮೊದಲ ಕಂತು 1884ರಲ್ಲಿ ಹೊರಬಂದು ಕೊನೆಯದು ಮುಗಿಯುವಾಗ 1928 ಆಗಿತ್ತು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಕೈಗೆತ್ತಿಕೊಂಡ ಸಂಸ್ಕೃತ ಮಹಾನಿಘಂಟಿನ ಕೆಲಸಕ್ಕೂ ಸುಮಾರು ಒಂದು ಕೋಟಿ ಚೀಟಿ ಕೂಡಿಹಾಕಿದ್ದಾರೆ, ಕೆಲಸ ಇನ್ನೂ ನಡೆಯುತ್ತಿದೆ.

ಹಂತ 1: ತಾರೀಖು ಹಿಡಿಯಿರಿ

ಅರ್ಥಕ್ಕಿಂತ ಮೊದಲು ತಾರೀಖು. ಆ ಪದ ಇಂಗ್ಲಿಷ್ ಬರವಣಿಗೆಯಲ್ಲಿ ಮೊದಲು ಕಂಡ ವರ್ಷ ಯಾವುದು? ಆನ್‌ಲೈನ್ ಎಟಿಮಾಲಜಿ ಡಿಕ್ಷನರಿಯಲ್ಲಿ ಪುಕ್ಕಟೆ ಸಿಗುತ್ತದೆ. ಮೆರಿಯಮ್-ವೆಬ್‌ಸ್ಟರ್ ಕೂಡ ಪದದ ಕೆಳಗೆ ಮೊದಲ ಬಳಕೆಯ ವರ್ಷ ಕೊಡುತ್ತದೆ. ಅದು ಬರೆದ ವರ್ಷ, ಹುಟ್ಟಿದ ವರ್ಷವಲ್ಲ ಎಂಬುದು ನೆನಪಿರಲಿ. ಜನರ ಬಾಯಲ್ಲಿ ಅದಕ್ಕಿಂತ ಮುಂಚೆಯೇ ಇದ್ದಿರಬಹುದು.

ಗೋಡೌನ್‌ಗೆ ಸಿಗುವ ವರ್ಷ 1588. ಈಗ ಮುಕಾದಮರ ಕಥೆಯನ್ನು ಇದರ ಪಕ್ಕ ಇಡಿ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದೇ 1600ರಲ್ಲಿ. ಸೂರತ್ತಿನಲ್ಲಿ ಅವರ ಕೋಠಿ ಕಾಯಂ ಆದದ್ದು 1613ರ ಹೊತ್ತಿಗೆ. ಮುಂಬಯಿ ದ್ವೀಪ ಪೋರ್ಚುಗೀಸ್ ರಾಜಕುಮಾರಿಯ ವರದಕ್ಷಿಣೆಯಾಗಿ ಇಂಗ್ಲೆಂಡಿನ ರಾಜನಿಗೆ ಹೋಗಿ, 1668ರಲ್ಲಿ ಕಂಪನಿಯ ಕೈಗೆ ಬಂತು. ಹಮಾಲರಿಗೆ ‘ಗೋ ಡೌನ್’ ಎಂದು ಕೂಗುವ ಸಾಹೇಬನೇ ಇಲ್ಲಿ ಇರಲಿಲ್ಲ, ಆದರೆ ಪದ ಆಗಲೇ ಪುಸ್ತಕದಲ್ಲಿತ್ತು. ಅದೂ ‘ಗೊಡೋನ್’ ಎಂಬ ರೂಪದಲ್ಲಿ, ಪೆಗು ಕಡೆಗೆ ಹೋದ ವೆನಿಸ್ಸಿನ ವ್ಯಾಪಾರಿಯೊಬ್ಬನ ಪ್ರವಾಸಕಥನದ ಇಂಗ್ಲಿಷ್ ಅನುವಾದದಲ್ಲಿ. ಪೆಗು ಇರುವುದು ಇವತ್ತಿನ ಮ್ಯಾನ್ಮಾರಿನಲ್ಲಿ.

ಒಂದು ವರ್ಷಸಂಖ್ಯೆ ಸಿಕ್ಕಿದ್ದಕ್ಕೇ ಕಥೆ ಮಗುಚಿ ಬಿತ್ತು ನೋಡಿ. ವಾಟ್ಸಾಪಿನ ಅರ್ಧ ಕಥೆಗಳು ಈ ಹಂತವನ್ನೇ ದಾಟುವುದಿಲ್ಲ.

ಹಂತ 2: ನಿಘಂಟಿನ ಆ ಗಿಜಿಗಿಜಿ ಸಾಲು ಓದುವುದು

ನಿಘಂಟಿನಲ್ಲಿ ಪದದ ಮುಂದೆ ಕೊಂಡಿಗಳ ಸರಮಾಲೆ ಇರುತ್ತದೆ. ಹೊಸದರಿಂದ ಹಳೆಯದರ ಕಡೆಗೆ ಓದಬೇಕು. ಓ ಮತ್ತು ಇ ಎಂಬ ಎರಡು ದೊಡ್ಡಕ್ಷರ ಜೊತೆಯಾಗಿ ಕಂಡರೆ ಹಳೆಯ ಇಂಗ್ಲಿಷ್, ಅಂದರೆ 1100ಕ್ಕಿಂತ ಹಿಂದಿನದು. ಎಂ ಮತ್ತು ಇ ಇದ್ದರೆ ನಡುಗಾಲದ ಇಂಗ್ಲಿಷ್, ಸುಮಾರು 1500ರವರೆಗೆ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಪದಗಳ ಪ್ರವಾಹವೇ ದಿಕ್ಕು ಬದಲಿಸಿತು. ದನ ಮೇಯಿಸುವವನ ಬಾಯಲ್ಲಿ ‘ಕೌ’ ಉಳಿಯಿತು, ಊಟದ ಮೇಜಿನ ಮೇಲೆ ಫ್ರೆಂಚಿನ ‘ಬೀಫ್’ ಬಂತು.

ಪದದ ಮುಂದೆ ಪುಟ್ಟ ನಕ್ಷತ್ರ ಚಿಹ್ನೆ ಇದ್ದರೆ ಎಚ್ಚರ. ಅದು ಯಾವ ಶಾಸನದಲ್ಲೂ ಪುಸ್ತಕದಲ್ಲೂ ಸಿಕ್ಕ ಪದವಲ್ಲ, ಮಕ್ಕಳ ಮುಖ ನೋಡಿ ಅಜ್ಜಿಯ ಚಿತ್ರ ಬರೆದ ಹಾಗೆ ವಿದ್ವಾಂಸರು ಕಟ್ಟಿಕೊಂಡ ರೂಪ. ‘ಇಂಥದ್ದರಿಂದ ಬಂದದ್ದು’ ಮತ್ತು ‘ಇದನ್ನು ಹೋಲಿಸಿ’ ಎಂಬ ಎರಡು ಮಾತುಗಳ ನಡುವೆಯೂ ಅಜಗಜಾಂತರ. ಮೊದಲನೆಯದು ತಂದೆ-ಮಗ, ಎರಡನೆಯದು ಬರೀ ನೆಂಟಸ್ತಿಕೆ. ಅಕ್ಕನ ಮಗಳ ನ್ಯಾವಿಗೇಷನ್ ಇಲ್ಲೇ ಸಿಕ್ಕಿಬಿದ್ದದ್ದು. ಅದು ಲ್ಯಾಟಿನ್ನಿನ ‘ನಾವಿಸ್’ ಮತ್ತು ‘ಅಗೆರೆ’ ಕೂಡಿ ಆದದ್ದು. ಹಡಗು, ನಡೆಸು ಎಂದು ಅರ್ಥ. ಸಂಸ್ಕೃತದ ‘ನೌ’ ಆ ನಾವಿಸ್‌ನ ದಾಯಾದಿ ಹೌದು, ಅಪ್ಪ ಅಲ್ಲ. ಅಷ್ಟಕ್ಕೂ ನೌಕೆಯ ಗತಿ ಎನ್ನಬೇಕಾದರೆ ‘ನೌಗತಿ’ ಆಗಬೇಕಿತ್ತು. ‘ನವಗತಿ’ ಎಂದರೆ ಹೊಸ ನಡಿಗೆ. ಆ ಸಂದೇಶ ಬರೆದವರಿಗೆ ಲ್ಯಾಟಿನ್ ಇರಲಿ, ಸಂಸ್ಕೃತವೂ ಬಂದಂತಿಲ್ಲ.

ಹಂತ 3: ಹೊತ್ತವರು ಯಾರು?

ನನಗೆ ಅತಿ ಖುಷಿ ಕೊಡುವ ಹಂತ ಇದು, ಹಾಗಾಗಿ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಪ್ರತಿ ಕೊಂಡಿಗೂ ಒಂದು ಪ್ರಶ್ನೆ ಕೇಳಿ: ಈ ಎರಡು ಭಾಷೆಯವರು ಎಲ್ಲಿ, ಯಾವಾಗ ಎದುರುಬದುರಾದರು? ಉತ್ತರವಿಲ್ಲದಿದ್ದರೆ ಕೊಂಡಿ ಕಡಿದಿದೆ. ನಮ್ಮ ಪಶ್ಚಿಮ ಕರಾವಳಿಯಿಂದ ಇಂಗ್ಲಿಷಿಗೆ ಹೋದ ಪದಗಳಿಗೆ ಮುಖ್ಯವಾಗಿ ಎರಡು ದಾರಿ. ಹಳೆಯದು ಪರ್ಷಿಯ, ಅರಬ್ ದೇಶಗಳ ಮೂಲಕ ಮೆಡಿಟರೇನಿಯನ್‌ಗೆ. ಶರ್ಕರ ಪರ್ಷಿಯನ್ನಿನಲ್ಲಿ ಶಕರ್ ಆಗಿ, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಫ್ರೆಂಚಿನ ಸುಕ್ರ ಆಗಿ ಶುಗರ್ ಆದದ್ದು ಈ ದಾರಿಯಲ್ಲಿ. ಖಂಡ ಸಕ್ಕರೆಯ ‘ಖಂಡ’ವೇ ಕ್ಯಾಂಡಿ ಆದದ್ದೂ ಇದೇ ದಾರಿಯಲ್ಲಿ.

ಎರಡನೆಯದು ಪೋರ್ಚುಗೀಸರ ಸಮುದ್ರದ ದಾರಿ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದ, 1510ರಲ್ಲಿ ಗೋವಾ ಅವರದಾಯಿತು, 1511ರಲ್ಲಿ ಮಲಕ್ಕಾ. ಮಲಯಾಳದ ಮಾಂಙ ಅವರ ಬಾಯಲ್ಲಿ ‘ಮಾಂಗ’ ಆಗಿ ಇಂಗ್ಲಿಷಿನ ಮ್ಯಾಂಗೋ ಆಯಿತು. ಚಕ್ಕ ‘ಜಾಕ’ ಆಗಿ ಜ್ಯಾಕ್‌ಫ್ರೂಟ್ ಆಯಿತು, ವೆಟ್ಟಿಲ ‘ಬೆಟಲ್’ ಆಯಿತು. ಈ ಹೆಸರುಗಳನ್ನು ಬರೆದಿಟ್ಟವರಲ್ಲಿ ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ಮುಖ್ಯ. ಭಾರತದ ಔಷಧ, ಹಣ್ಣು, ಸಂಬಾರಗಳ ಬಗ್ಗೆ ಆತ ಬರೆದ ಸಂವಾದರೂಪದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಇದೇ ಓರ್ತಾ ಒಂದು ಕಾಲಕ್ಕೆ ಮುಂಬಯಿ ದ್ವೀಪವನ್ನು ಗೇಣಿಗೆ ಪಡೆದಿದ್ದ ಎಂದು ಕೇಳಿದ ಮೇಲೆ ನಾನು ಟೌನ್ ಹಾಲ್ ಪಕ್ಕದ ರಸ್ತೆಯಲ್ಲಿ ನಡೆಯುವ ರೀತಿಯೇ ಬದಲಾಗಿದೆ.

ಇನ್ನು ಗೋಡೌನ್. ತಮಿಳಿನಲ್ಲಿ ‘ಕಿಡಂಗು’, ತೆಲುಗಿನಲ್ಲಿ ‘ಗಿಡಂಗಿ’. ಮಾಲು ಇಡುವ ಜಾಗ. ಕೋರಮಂಡಲ ತೀರದ ವ್ಯಾಪಾರಿಗಳು ಮಲಕ್ಕಾದಲ್ಲಿ ಬೀಡುಬಿಟ್ಟಿದ್ದರು. ಮಲಯ ಭಾಷೆಯಲ್ಲಿ ‘ಗುಡಂಗ್’ ಇದೆ. ಮಲಕ್ಕಾ ಹಿಡಿದ ಪೋರ್ಚುಗೀಸರು ಅದನ್ನು ‘ಗುದಾಂವ್’ ಮಾಡಿಕೊಂಡರು, ಅದರ ಕೊನೆಗೆ ಮೂಗಿನಲ್ಲಿ ಎಳೆಯುವ ಸ್ವರ. ಅಲ್ಲಿಂದ ಇಂಗ್ಲಿಷಿಗೆ. ಮೊದಲ ಉಲ್ಲೇಖ ಮುಂಬಯಿಯದ್ದಲ್ಲದೆ ಪೆಗುವಿನದ್ದು ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ: ಪದ ಪೂರ್ವದ ಬಂದರುಗಳನ್ನು ಸುತ್ತಿಕೊಂಡು ಬಂದಿತ್ತು. ಬರುತ್ತಾ ಬರುತ್ತಾ ಇಂಗ್ಲಿಷರ ಕಿವಿಗೆ ‘ಗೋ’, ‘ಡೌನ್’ ಎಂಬ ತಮ್ಮದೇ ಎರಡು ಪದ ಕೇಳಿಸಿ ಕಾಗುಣಿತ ಹಾಗೆ ಕೂತಿತು.

ಹೊತ್ತವರನ್ನು ಹುಡುಕುವಾಗ ಇಂಗ್ಲಿಷ್ ಇಲ್ಲದ ಹಾದಿಗಳೂ ಇವೆ ಎಂಬುದು ಮರೆಯಬಾರದು. ದಾದರ್ ಸ್ಟೇಷನ್ನಿನ ಹೊರಗೆ ತಿನ್ನುವ ಬಟಾಟಾ ವಡೆಯ ‘ಬಟಾಟಾ’ ಇಂಗ್ಲಿಷಿನ ಪೊಟೇಟೊ ಕೆಟ್ಟು ಆದದ್ದು ಎಂದು ತುಂಬಾ ಜನ ತಿಳಿದಿದ್ದಾರೆ. ಎರಡಕ್ಕೂ ತಾಯಿ ಕೆರಿಬಿಯನ್ ದ್ವೀಪಗಳ ತೈನೋ ಭಾಷೆಯ ‘ಬತಾತ’, ಅರ್ಥ ಗೆಣಸು. ಒಂದು ಸ್ಪ್ಯಾನಿಷರ ಹಡಗು ಹತ್ತಿ ಲಂಡನ್ನಿಗೆ ಹೋಯಿತು, ಇನ್ನೊಂದು ಪೋರ್ಚುಗೀಸರ ಹಡಗಿನಲ್ಲಿ ಕೊಂಕಣಕ್ಕೆ ಬಂತು.

ಹಂತ 4: ಸದ್ದಿನ ಪರೀಕ್ಷೆ

ಕನ್ನಡಿಗರಿಗೆ, ಅದರಲ್ಲೂ ತುಳು ಬಲ್ಲವರಿಗೆ, ಈ ಪರೀಕ್ಷೆ ಮನೆಯ ಅಂಗಳದ ಆಟ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ತುಳುವಿನಲ್ಲಿ ಇವತ್ತಿಗೂ ಪಿಲಿ, ಪೂ. ಹುಲಿ ಮತ್ತು ಪಿಲಿ ಒಂದೇ ಎಂದು ನಾವು ನಂಬುವುದು ಅವು ಒಂದೇ ಥರ ಕೇಳಿಸುತ್ತವೆ ಎಂದಲ್ಲ. ಕನ್ನಡದ ಮೊದಲಕ್ಷರ ಹ ಇರುವಲ್ಲೆಲ್ಲ ತುಳುವಿನಲ್ಲಿ ಪ ಸಾಲುಸಾಲಾಗಿ ಸಿಗುತ್ತದೆ ಎಂದು. ಸದ್ದಿನ ನಿಯಮ ಎಂದರೆ ಇಷ್ಟೇ. ಒಂದು ಜೋಡಿ ಸಾಲದು, ಸಾಲು ಬೇಕು.

ಇಂಗ್ಲಿಷಿನಲ್ಲೂ ಅಂಥ ಸಾಲು ಇದೆ. ಜರ್ಮನ್ ವಿದ್ವಾಂಸ ಯಾಕೊಬ್ ಗ್ರಿಮ್ 1822ರಲ್ಲಿ ಅದನ್ನು ಕ್ರಮವಾಗಿ ಬರೆದಿಟ್ಟ. ಸಂಸ್ಕೃತ, ಲ್ಯಾಟಿನ್‌ಗಳ ಪ ಇಂಗ್ಲಿಷಿನಲ್ಲಿ ‘ಫ್’ ಆಗುತ್ತದೆ: ಪಿತೃ, ಪಾತೆರ್, ಫಾದರ್, ಪಾದಕ್ಕೆ ಫುಟ್. ತ ಇದ್ದಲ್ಲಿ ನಾಲಿಗೆ ಹಲ್ಲಿಗೆ ತಾಗಿಸುವ ‘ಥ್’: ತ್ರಿ ಎಂಬುದಕ್ಕೆ ಥ್ರೀ. ದ ಇದ್ದಲ್ಲಿ ‘ಟ್’: ದಶಕ್ಕೆ ಟೆನ್, ದಂತಕ್ಕೆ ಟೂತ್, ದ್ವಿ ಎಂಬುದಕ್ಕೆ ಟೂ, ಆ ಟೂ ಬರೆಯುವಾಗ ಸುಮ್ಮನೆ ಕೂತಿರುವ ಡಬ್ಲ್ಯೂ ನಮ್ಮ ವ. ಲ್ಯಾಟಿನ್ನಿನ ಕ ಇಂಗ್ಲಿಷಿನಲ್ಲಿ ‘ಹ್’: ಕೊಂಬಿಗೆ ಕಾರ್ನು, ಹಾರ್ನ್. ಕ್ರಮ ತಪ್ಪಿದಂತೆ ಕಾಣುವ ಪದಗಳಿಗೂ ಉಪನಿಯಮಗಳಿವೆ. ಶುರುವಿನಲ್ಲಿ ಪದದ ಮೊದಲಕ್ಷರ ಮಾತ್ರ ನೋಡಿ, ಸಾಕು.

ಇದರಿಂದ ಒಂದು ತಮಾಷೆ ಹುಟ್ಟುತ್ತದೆ: ಇಂಗ್ಲಿಷ್ ಪದ ಸಂಸ್ಕೃತದ ಹಾಗೇ ಕೇಳಿಸಿದರೆ ಅನುಮಾನ ಪಡಬೇಕು! ‘ಪಾತ್’ ಎಂದರೆ ದಾರಿ, ನಮ್ಮಲ್ಲಿ ಪಥ. ಆಹಾ ಎನ್ನುವ ಮೊದಲು ಗ್ರಿಮ್‌ನನ್ನು ಕೇಳಿ. ಒಂದೇ ಮನೆಯಿಂದ ಇಳಿದು ಬಂದಿದ್ದರೆ ಇಂಗ್ಲಿಷಿನಲ್ಲಿ ಅದು ಫ್ ಆಗಬೇಕಿತ್ತು. ಹಳೆಯ ಇಂಗ್ಲಿಷಿನಲ್ಲಿ ಪಕಾರದಿಂದ ಶುರುವಾಗುವ ಪದಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದವು. ಪಾತ್ ಕೂಡ ಬಲು ಹಿಂದೆ ಇರಾನಿ ಭಾಷೆಯೊಂದರಿಂದ ಇಂಗ್ಲಿಷರ ಪೂರ್ವಜರಾದ ಜರ್ಮನಿಕ್ ಜನ ಎರವಲು ಪಡೆದದ್ದಿರಬೇಕು ಎಂಬುದು ಹಲವು ವಿದ್ವಾಂಸರ ಊಹೆ. ನೆಂಟಸ್ತಿಕೆ ಇದ್ದರೂ ಬಂದ ಬಾಗಿಲು ಬೇರೆ.

ಈ ಹೋಲಿಕೆಗಳನ್ನು ಮೊದಲು ಗಮನಿಸಿದ್ದು ಕಲ್ಕತ್ತೆಯ ವಿಲಿಯಂ ಜೋನ್ಸ್ ಎಂದು ಶಾಲೆಯಲ್ಲಿ ಓದಿರುತ್ತೇವೆ. ಆತನ ಪ್ರಸಿದ್ಧ ಭಾಷಣ 1786ರದ್ದು. ಅದಕ್ಕೆ ಎರಡು ಶತಮಾನ ಮೊದಲೇ ಗೋವಾದಲ್ಲಿದ್ದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ 1583ರಲ್ಲಿ ಸಹೋದರನಿಗೆ ಬರೆದ ಪತ್ರದಲ್ಲಿ, ಇಲ್ಲಿಯ ಭಾಷೆಗಳ ಕಟ್ಟು ಗ್ರೀಕ್, ಲ್ಯಾಟಿನ್‌ಗಳಂತೆಯೇ ಇದೆ ಎಂದಿದ್ದ. ಗೋವಾ, ಕೊಚ್ಚಿಗಳಲ್ಲಿ ಓಡಾಡಿಕೊಂಡಿದ್ದ ಫ್ಲಾರೆನ್ಸಿನ ವ್ಯಾಪಾರಿ ಫಿಲಿಪ್ಪೊ ಸಾಸ್ಸೆತ್ತಿ ಕೂಡ ಆ ದಶಕದಲ್ಲೇ ದೇವ-ದಿಯೊ, ಸರ್ಪ-ಸೆರ್ಪೆ, ಸಪ್ತ-ಸೆತ್ತೆ ಎಂದು ಪತ್ರದಲ್ಲಿ ಪಟ್ಟಿ ಮಾಡಿದ್ದ. ಹೋಲಿಕೆ ಕಂಡವರು ಬೇಗ ಸಿಕ್ಕರು. ಅದನ್ನು ನಿಯಮವಾಗಿಸಲು ಇನ್ನೂರು ವರ್ಷ ಹಿಡಿಯಿತು.

ಹಂತ 5: ನಮ್ಮ ಕಪಾಟಿನ ಪುಸ್ತಕ ತೆಗೆಯಿರಿ

ಇಂಗ್ಲಿಷ್ ನಿಘಂಟುಗಳು ಭಾರತದ ಗಡಿಗೆ ಬಂದ ಕೂಡಲೇ ಸುಸ್ತಾಗುತ್ತವೆ. ‘ದ್ರಾವಿಡ ಮೂಲ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಅಲ್ಲಿಂದ ಮುಂದೆ ನಾವೇ ನಡೆಯಬೇಕು. ನನ್ನ ಬಳಕೆಯ ಪುಸ್ತಕಗಳು ಇವು: ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ 1894ರಲ್ಲಿ ಹೊರಬಂದ ಕಿಟೆಲ್ ಅವರ ಕನ್ನಡ ನಿಘಂಟು, ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ನಿಘಂಟು, ಅದರಲ್ಲೂ 1984ರ ಎರಡನೇ ಆವೃತ್ತಿ, ಸಂಸ್ಕೃತಕ್ಕೆ ಮೋನಿಯರ್ ವಿಲಿಯಮ್ಸ್, ಆಂಗ್ಲ-ಇಂಡಿಯನ್ ಪದಗಳಿಗೆ ಯೂಲ್ ಮತ್ತು ಬರ್ನೆಲ್ ಅವರ 1886ರ ಹಾಬ್ಸನ್-ಜಾಬ್ಸನ್. ಪೋರ್ಚುಗೀಸ್ ವಾಸನೆ ಬಂದರೆ ಗೋವಾದ ಅಸಗಾಂವ್‌ನಲ್ಲಿ ಹುಟ್ಟಿದ ಪಾದ್ರಿ ಸೆಬಾಸ್ತಿಯಾಂವ್ ರೊದೊಲ್ಫೊ ದಲ್ಗಾದೊ ಅವರ ಕೋಶ, 1919 ಮತ್ತು 1921ರ ಎರಡು ಸಂಪುಟ. ಹೆಚ್ಚಿನವು ಅಂತರಜಾಲದಲ್ಲಿ ಪುಕ್ಕಟೆ ಇವೆ. ನಾನು ಮಾತ್ರ ಹಾಬ್ಸನ್-ಜಾಬ್ಸನ್ ಮೊದಲು ನೋಡಿದ್ದು ಫೋರ್ಟಿನ ಟೌನ್ ಹಾಲ್‌ನ ಗ್ರಂಥಾಲಯದಲ್ಲಿ. ಶನಿವಾರ ಅರ್ಧ ದಿನ ಕೆಲಸ ಮುಗಿಸಿ, ಆ ಮೂವತ್ತು ಮೆಟ್ಟಿಲು ಹತ್ತಿ, ಅಂಗಿಯ ಅರಿಸಿನ ಪುಡಿ ಕೊಡವಿ ಒಳಗೆ ಹೋಗಿ ಗೋಡೌನ್ ಎಂಬಲ್ಲಿಗೆ ಪುಟ ತಿರುಗಿಸಿದೆ. ಹನ್ನೊಂದು ವರ್ಷದ ಕಥೆ ಹತ್ತು ನಿಮಿಷದಲ್ಲಿ ಮುಗಿಯಿತು.

ನಮ್ಮ ಪುಸ್ತಕ ತೆಗೆಯುವುದರಿಂದ ಏನು ಲಾಭ ಎಂಬುದಕ್ಕೆ ಶುಂಠಿಯ ಕಥೆ ಕೇಳಿ. ಜಿಂಜರ್ ಎಂಬುದು ಹಳೆಯ ಇಂಗ್ಲಿಷಿನ ಗಿಂಗಿಫರ್, ಲ್ಯಾಟಿನ್ನಿನ ಝಿಂಗಿಬೆರಿ, ಗ್ರೀಕಿನ ಝಿಂಗಿಬೆರಿಸ್, ಪಾಳಿಯ ಸಿಂಗಿವೇರ, ಸಂಸ್ಕೃತದ ಶೃಂಗವೇರ. ಶೃಂಗ ಎಂದರೆ ಕೊಂಬು. ಕೊಂಬಿನಾಕಾರದ್ದು ಎಂದು ಹಿಂದಿನವರು ಅರ್ಥ ಬಿಡಿಸಿದರು. ಹಸಿಶುಂಠಿ ಕೈಯಲ್ಲಿ ಹಿಡಿದರೆ ಹೌದೆನಿಸುತ್ತದೆ ಕೂಡ. ಆದರೆ ತಮಿಳಿನಲ್ಲಿ ಶುಂಠಿಗೆ ಇಂಜಿ, ಬೇರಿಗೆ ವೇರ್. ತಮಿಳಿನ ವ ಕನ್ನಡದಲ್ಲಿ ಬ ಆಗುವುದು ನಮಗೆ ಗೊತ್ತೇ ಇದೆ: ವೇರ್-ಬೇರು, ವೆಳ್ಳಿ-ಬೆಳ್ಳಿ, ವಾ-ಬಾ. ಇಂಜಿಯ ಬೇರು ಉತ್ತರಕ್ಕೆ ಹೋಗಿ, ಅಲ್ಲಿಯವರ ಕಿವಿಗೆ ‘ಶೃಂಗ’ ಎಂದು ಕೇಳಿಸಿತು ಎಂಬುದು ಇವತ್ತು ಹೆಚ್ಚಿನವರು ಒಪ್ಪುವ ವಿವರಣೆ. ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ‘ಗೋ ಡೌನ್’ ಇದು. ನಮ್ಮ ಮುಕಾದಮರು ಒಳ್ಳೆಯ ಪರಂಪರೆಯವರೇ.

ಹಂತ 6: ಅರ್ಥ ಜಾರಿದ್ದು ಹೇಗೆಂದು ಹೇಳಲು ಬರುತ್ತದೆಯೇ?

ಸದ್ದು ಹೊಂದಿತು, ದಾರಿ ಸಿಕ್ಕಿತು. ಅರ್ಥವೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ತಮಿಳಿನ ಕಿಡ ಎಂದರೆ ಬಿದ್ದುಕೊಂಡಿರು. ಹಳಗನ್ನಡದಲ್ಲಿ ಕೆಡೆ ಎಂದರೆ ಬೀಳು. ಮಾಲು ಬಿದ್ದುಕೊಂಡಿರುವ ಜಾಗ ಕಿಡಂಗು. ಮಲಯದಲ್ಲಿ ಗುಡಂಗ್ ಎಂದರೆ ಉಗ್ರಾಣವೂ ಹೌದು, ಇಟ್ಟಿಗೆಯಲ್ಲೋ ಕಲ್ಲಿನಲ್ಲೋ ಕಟ್ಟಿದ ಮನೆಯೂ ಹೌದು. ನಮ್ಮ ಕರಾವಳಿಯಲ್ಲಿ ‘ಗಡಂಗು’ ಎಂದರೆ ಸಾರಾಯಿ ಅಂಗಡಿ. ಊರಿನಲ್ಲಿ ಚಿಕ್ಕಂದಿನಲ್ಲಿ ಗಡಂಗಿನ ಕಡೆ ಮುಖ ಹಾಕಿದರೆ ಅಮ್ಮ ಬಯ್ಯುತ್ತಿದ್ದರು. ಅದೇ ಪದದ ಮುಂಬಯಿ ಅವತಾರದೊಳಗೆ ಕೂತು ಸಂಬಳ ಎಣಿಸುತ್ತೇನೆಂದು ಆಗ ಯಾರಿಗೆ ಗೊತ್ತಿತ್ತು.

ಹಂತ 7: ನಿಮ್ಮ ಉತ್ತರವನ್ನು ನೀವೇ ಕೆಡವಲು ನೋಡಿ

ಕನ್ನಡ ಬಲ್ಲವರನ್ನು ಹಳ್ಳಕ್ಕೆ ಬೀಳಿಸುವ ಮೂರು ಜೋಡಿ ಹೇಳುತ್ತೇನೆ.

ಎಂಟು ಮತ್ತು ಎಯ್ಟ್. ಅರ್ಥವೂ ಒಂದೇ, ಸದ್ದೂ ಹತ್ತಿರ. ಎಂಟನ್ನು ಬಿಡಿಸಿ ನೋಡಿ: ಎಣ್ ಎಂಬುದು ಬೇರು, ಹಳಗನ್ನಡದ ಎಣ್ಬರ್, ಎಣ್ಬತ್ತು ಪದಗಳಲ್ಲಿ ಅದು ಬಿಡಿಯಾಗಿಯೇ ಕಾಣುತ್ತದೆ. ಟು ಎಂಬುದು ಹಿಂದೆ ಹತ್ತಿಕೊಂಡ ಪ್ರತ್ಯಯ. ಇಂಗ್ಲಿಷಿನದ್ದು ಸಂಸ್ಕೃತದ ಅಷ್ಟ, ಲ್ಯಾಟಿನ್ನಿನ ಆಕ್ಟೊಗಳ ಮನೆಯದು. ಬರೆಯುವಾಗ ನಡುವೆ ಕಾಣುವ ಎರಡು ಮೂಕಾಕ್ಷರ ಆ ಹಳೆಯ ಕಕಾರದ ಗೋರಿ. ಇವೆರಡೂ ಅಕಸ್ಮಾತ್ತಾಗಿ ಒಂದೇ ಬಸ್ ಸ್ಟಾಪಿನಲ್ಲಿ ನಿಂತವು, ಅಷ್ಟೇ.

ಕಾಸು ಮತ್ತು ಕ್ಯಾಶ್. ಇದು ಇನ್ನೂ ಕಿಲಾಡಿ ಜೋಡಿ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದ ಎರಡು ಕ್ಯಾಶ್ ಇವೆ. ನಗದು ಎಂಬ ಅರ್ಥದ್ದು ಫ್ರೆಂಚ್, ಇಟಾಲಿಯನ್ ಕಡೆಯ ‘ಹಣದ ಪೆಟ್ಟಿಗೆ’ ಎಂಬ ಪದದಿಂದ ಬಂದದ್ದು. ಇನ್ನೊಂದು, ಪೂರ್ವ ದೇಶಗಳ ಚಿಕ್ಕ ನಾಣ್ಯಕ್ಕೆ ಇಂಗ್ಲಿಷರು ಕೊಟ್ಟ ಹೆಸರು. ಅದು ಪೋರ್ಚುಗೀಸರ ಮೂಲಕ ನಮ್ಮ ಕಾಸಿನಿಂದಲೇ ಹೋದದ್ದು. ಎರಡನೆಯದನ್ನು ತೋರಿಸಿ ಮೊದಲನೆಯದನ್ನೂ ನಮ್ಮದೆನ್ನುವುದು ಒಂದು ಬಿಲ್ಲಿನಲ್ಲಿ ಎರಡು ಸಲ ಮಾಲು ಎತ್ತಿದ ಹಾಗೆ.

ಮೂರನೆಯದು ನಾನೇ ಬಿದ್ದ ಹಳ್ಳ. ನಾರಂಗಿಯಿಂದ ಆರೆಂಜ್ ಬಂದದ್ದು ನಿಜ: ಸಂಸ್ಕೃತದ ನಾರಂಗ, ಪರ್ಷಿಯನ್ ನಾರಂಗ್, ಅರಬ್ಬಿ ನಾರಂಜ್. ಇಲ್ಲಿನ ಕನ್ನಡಿಗರ ಒಂದು ಕೂಟದಲ್ಲಿ ನಾನು ಗತ್ತಿನಿಂದ, ಇಂಗ್ಲಿಷರು ‘ಎ ನಾರೆಂಜ್’ ಎಂಬುದನ್ನು ‘ಆ್ಯನ್ ಆರೆಂಜ್’ ಎಂದು ತಪ್ಪಾಗಿ ಒಡೆದಿದ್ದರಿಂದ ನಕಾರ ಉದುರಿತು ಎಂದೆ. ಹಿಂದಿನ ಸಾಲಿನಿಂದ ನಿವೃತ್ತ ಮೇಷ್ಟ್ರೊಬ್ಬರು, “ಇಂಗ್ಲಿಷಿಗೆ ಬರುವ ಮೊದಲೇ ಫ್ರೆಂಚರ ಬಾಯಲ್ಲಿ ಓರೆಂಜ್ ಆಗಿತ್ತಲ್ಲ ಮಾರಾಯ್ರೆ, ಇಟಲಿಯಲ್ಲೂ ಅರಾಂಚ ಅಂತಾರೆ” ಎಂದರು. ಸಭೆ ನಕ್ಕಿತು. ಒಡೆದದ್ದು ನಿಜ, ಆದರೆ ಒಡೆದವರು ಬೇರೆ, ಜಾಗ ಬೇರೆ. ಇಂಗ್ಲಿಷರೇ ಹಾಗೆ ಒಡೆದ ಪದಗಳು ಬೇಕಿದ್ದರೆ ಏಪ್ರನ್, ಆ್ಯಡರ್, ಅಂಪೈರ್ ಇವೆ; ಮೂರಕ್ಕೂ ಮೊದಲು ತಲೆಯಲ್ಲಿ ನಕಾರವಿತ್ತು. ಸ್ಪ್ಯಾನಿಷರು ಮಾತ್ರ ಇವತ್ತಿಗೂ ನಾರಾಂಹ ಎಂದು ನಕಾರ ಕಾಪಾಡಿಕೊಂಡಿದ್ದಾರೆ. ಕೊಂಡಿ ಎಲ್ಲಿ ಕಳಚಿತು ಎಂದು ತಿಳಿಯಬೇಕಾದರೆ ಅಕ್ಕಪಕ್ಕದ ಭಾಷೆಗಳನ್ನೂ ತಟ್ಟಿ ನೋಡಬೇಕು ಎಂದು ಅವತ್ತು ಬುದ್ಧಿ ಬಂತು.

ಹಂತ 8: ಚೀಟಿ ತುಂಬುವುದು

ಈಗ ಪೆನ್ ತೆಗೆಯಿರಿ. ಪ್ರತಿ ಕೊಂಡಿಯ ಪಕ್ಕ ನಾನು ಒಂದು ಗುರುತು ಹಾಕುತ್ತೇನೆ: ಕಾಗದದಲ್ಲಿ ಸಿಕ್ಕಿದ್ದಕ್ಕೆ ಸರಿ ಗುರುತು, ವಿದ್ವಾಂಸರು ಒಪ್ಪಿದ್ದಕ್ಕೆ ಒಂದು ಗೆರೆ, ನನ್ನ ಊಹೆಗೆ ಪ್ರಶ್ನೆ ಚಿಹ್ನೆ. ನನ್ನ ಗೋಡೌನ್ ಚೀಟಿ ಹೀಗಿದೆ:

ಇಂಗ್ಲಿಷ್ ಗೋಡೌನ್, 1588, ಗೊಡೋನ್ ಎಂಬ ರೂಪ: ಸರಿ ಗುರುತು.
ಅದಕ್ಕೆ ಮೊದಲು ಪೋರ್ಚುಗೀಸ್ ಗುದಾಂವ್: ಗೆರೆ.
ಅದಕ್ಕೆ ಮೊದಲು ಮಲಯ ಗುಡಂಗ್, ಮಲಕ್ಕಾ 1511: ಗೆರೆ.
ಅದಕ್ಕೆ ಮೊದಲು ತೆಲುಗು ಗಿಡಂಗಿ, ತಮಿಳು ಕಿಡಂಗು: ಗೆರೆ.
ಪೆನ್ಸಿಲ್ ಸಾಲು, ಮುಕಾದಮರ ಕಥೆ: ಅಡ್ಡ ಹೊಡೆದಿದೆ. ಅಳಿಸಿಲ್ಲ, ಇಂಗ್ಲಿಷ್ ಕಾಗುಣಿತ ಹಾಗಾದದ್ದಕ್ಕೆ ಅದೇ ಕಾರಣ ತಾನೆ.

ಕೊನೆಯಲ್ಲಿ ಪ್ರಶ್ನೆ ಚಿಹ್ನೆಯ ಒಂದು ಸಾಲು. ನಮ್ಮ ಓಣಿಯ ಒಂದು ಫಲಕದಲ್ಲಿ ಮರಾಠಿಯ ‘ಗೋಡಾವುನ್’ ಇದೆ, ಅದರ ಎದುರಿನ ಫಲಕದಲ್ಲಿ ‘ಗೋದಾಮ್’. ಮೊದಲನೆಯದು ಇಂಗ್ಲಿಷಿನಿಂದ ಎಂಬುದರಲ್ಲಿ ಅನುಮಾನವಿಲ್ಲ. ಗೋದಾಮು ಎಲ್ಲಿಂದ? ಹಾಬ್ಸನ್-ಜಾಬ್ಸನ್ ಹಿಂದಿಯ ಗುದಾಮನ್ನೂ ಆಂಗ್ಲ-ಇಂಡಿಯನ್ ಪದದಿಂದ ಬಂದದ್ದೆನ್ನುತ್ತದೆ. ನನಗೆ ಒಪ್ಪಿಗೆಯಿಲ್ಲ. ಪೋರ್ಚುಗೀಸರ ಹರಾಜಿಗೆ ಲೈಲಾಂವ್ ಎಂದು ಹೆಸರು, ಅದು ಹಿಂದಿಯಲ್ಲಿ ನೀಲಾಮ್ ಆಗಿದೆ, ಮರಾಠಿಯಲ್ಲಿ ಲಿಲಾವ್. ಮೂಗಿನ ‘ಆಂವ್’ ಅಲ್ಲಿ ‘ಆಮ್’ ಆಗಿದ್ದರೆ ಇಲ್ಲೂ ಆಗಬಹುದಲ್ಲ? ಲೈಲಾಂವ್-ನೀಲಾಮ್, ಗುದಾಂವ್-ಗುದಾಮ್. ಒಂದೇ ಜೋಡಿ ಸಾಲದೆಂದು ನಾನೇ ಮೇಲೆ ಬರೆದಿದ್ದೇನೆ, ಹಾಗಾಗಿ ಪ್ರಶ್ನೆ ಚಿಹ್ನೆ ಹಾಗೇ ಉಳಿದಿದೆ. ಮೂರನೇ ಜೋಡಿ ಸಿಕ್ಕ ದಿನ ಅದನ್ನು ಗೆರೆ ಮಾಡುತ್ತೇನೆ.

ಕೈ ಕುದುರಿಸಿಕೊಳ್ಳಲು

ಕಾಯರ್, ಕೊಪ್ರಾ, ಅರೆಕಾ, ಕ್ಯಾಟಮರಾನ್ ಇವನ್ನು ಹೊಸಬರು ಒಂದು ಭಾನುವಾರದಲ್ಲಿ ಮುಗಿಸಬಹುದು. ಅಕ್ಕನ ಮಗಳಿಗೆ ನಾನು ಕೊಟ್ಟದ್ದು ‘ಟೀಕ್’. ಮಾರನೇ ದಿನವೇ ಫೋನು ಬಂತು.

“ಮಾಮ, ಸಿಕ್ತು. ನಮ್ಮ ತೇಗವೇ ಟೀಕ್!”

“ತೇಗದಲ್ಲಿ ಗ ಇದೆ, ಟೀಕಿನಲ್ಲಿ ಕ ಇದೆ. ನಡುವೆ ಯಾರು ಬಂದ್ರು?”

ಸ್ವಲ್ಪ ಹೊತ್ತು ಸದ್ದಿಲ್ಲ. ಪುಟ ತಿರುಗಿಸುವ ಸರಸರ ಕೇಳಿಸಿತು.

“ಪೋರ್ಚುಗೀಸರ ತೆಕ. ಅವರಿಗೆ ಸಿಕ್ಕಿದ್ದು ಮಲಯಾಳದ ತೇಕ್ಕ್. ಹಾಗಾದ್ರೆ ನಮ್ಮ ತೇಗ?”

“ಅದು ತೇಕ್ಕಿನ ತಂಗಿ. ಹಡಗು ಹತ್ತಲಿಲ್ಲ, ಅಷ್ಟೇ. ತಾರೀಖು ಬರೆದುಕೊಂಡ್ಯಾ?”

“ಅಯ್ಯೋ, ಮರೆತೆ,” ಎಂದು ಫೋನ್ ಇಟ್ಟಳು.